ಕಚೇರಿ ತಂತ್ರಾಂಶದಲ್ಲಿ ಪ್ರಕ್ಷಿಪ್ತ ಆಡ್-ಇನ್‌ಗಳು: ಅವುಗಳ ಆಗಮನ, ಸ್ವರೂಪ ಮತ್ತು ನಿವಾರಣೆ

೧

ಗ್ರಂಥಸಂಪಾದನೆಯಲ್ಲಿ ತೊಡಗಿದವರಿಗೆ ಪ್ರಕ್ಷೇಪವೆಂಬ ಮಾತು ಹೊಸದಲ್ಲ. ಮೂಲಕರ್ತೃವು ಬರೆಯದ ಪದ್ಯವೊಂದು ಯಾವನೋ ಲಿಪಿಕಾರನ ಕೈಯಿಂದ ಓಲೆಯೊಳಕ್ಕೆ ನುಸುಳಿ, ಕಾಲಕ್ರಮದಲ್ಲಿ ಮೂಲದ ಭಾಗವೇ ಎಂಬಂತೆ ಎಣಿಸಲ್ಪಡುವುದುಂಟು. ಅಂತಹ ಪದ್ಯವನ್ನು ಎದುರಿಸಿದ ಸಂಪಾದಕನು ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳುತ್ತಾನೆ. ಇದನ್ನು ಸೇರಿಸಿದವರು ಯಾರು? ಯಾವ ದಾರಿಯಿಂದ ಇದು ಒಳಗೆ ಬಂದಿತು? ಮೂಲಕ್ಕೆ ಊನ ಬಾರದಂತೆ ಇದನ್ನು ಹೊರಗಿಡುವ ಕ್ರಮ ಯಾವುದು? ಇವೇ ಮೂರು ಪ್ರಶ್ನೆಗಳನ್ನು ನಮ್ಮ ಮೇಜಿನ ಮೇಲಿರುವ ಗಣಕಯಂತ್ರದ ವಿಷಯದಲ್ಲಿಯೂ ಕೇಳಬೇಕಾಗಿ ಬಂದ ಸಂದರ್ಭವೊಂದನ್ನು ಮೊದಲು ನಿವೇದಿಸಿ, ಅನಂತರ ಅದರ ಇತಿಹಾಸವನ್ನು ವಿಚಾರಿಸುವುದು ಈ ಲೇಖನದ ಉದ್ದೇಶ.

ಕೆಲವು ವರ್ಷಗಳ ಹಿಂದೆ ನಮ್ಮ ವಿಭಾಗದ ಗಣಕವೊಂದಕ್ಕೆ ಬ್ಲೂಟೂತ್ ಅಡಾಪ್ಟರ್ ಒಂದನ್ನು ಜೋಡಿಸಿ, ಅದರ ಸಂಗಡ ಬಂದಿದ್ದ ಸಿ.ಡಿ.ಯಿಂದ ಡ್ರೈವರನ್ನು ಸ್ಥಾಪಿಸಲಾಯಿತು. ಅಂದಿನಿಂದ ವರ್ಡ್ ತಂತ್ರಾಂಶವನ್ನು ಮುಚ್ಚುವಾಗಲೆಲ್ಲ ಒಂದು ಪ್ರಶ್ನೆ ತೆರೆಯ ಮೇಲೆ ಮೂಡತೊಡಗಿತು: ನಾರ್ಮಲ್ ಎಂಬ ಮೂಲ ಟೆಂಪ್ಲೇಟಿನಲ್ಲಿ ಬದಲಾವಣೆಗಳಾಗಿವೆ, ಅವನ್ನು ಉಳಿಸಬೇಕೆ? ಬದಲಾವಣೆಯನ್ನು ನಮ್ಮಲ್ಲಿ ಯಾರೂ ಮಾಡಿರಲಿಲ್ಲ. ವಿಭಾಗದ ಬೆರಳಚ್ಚುಗಾರರು ಇದು ತಮ್ಮದೇ ಯಾವುದೋ ತಪ್ಪಿನ ಫಲವೆಂದು ಬಹುದಿನ ಸಂಕೋಚಪಟ್ಟುಕೊಂಡು ಯಾರಿಗೂ ಹೇಳದೆ ಇದ್ದರು. ಕೊನೆಗೆ ಯಂತ್ರವನ್ನು ನೋಡಲು ಬಂದವರೊಬ್ಬರು ಆ ಟೆಂಪ್ಲೇಟ್ ಕಡತವನ್ನೇ ಅಳಿಸಿಹಾಕಿದರು. ಮರುದಿನ ಸಂಜೆ ಅದೇ ಪ್ರಶ್ನೆ ಮತ್ತೆ ಬಂದಿತು. ಆದರೆ ಶಾಸನಪಾಠಗಳ ರೋಮನ್ ಲಿಪ್ಯಂತರಕ್ಕಾಗಿ, ಮೇಲೆ ಗೆರೆಯೂ ಕೆಳಗೆ ಬಿಂದುವೂ ಇರುವ ಅಕ್ಷರಗಳಿಗೆ ನಮ್ಮ ಸಂಶೋಧನ ವಿದ್ಯಾರ್ಥಿಯೊಬ್ಬರು ಒಂದೊಂದಾಗಿ ಗೊತ್ತುಮಾಡಿಕೊಂಡಿದ್ದ ಕೀಲಿಗಳ ಏರ್ಪಾಡೆಲ್ಲವೂ ಆ ಕಡತದಲ್ಲಿಯೇ ಇದ್ದುದರಿಂದ ಅದು ಸಂಪೂರ್ಣವಾಗಿ ನಷ್ಟವಾಯಿತು. ಪ್ರಕ್ಷಿಪ್ತವು ಉಳಿಯಿತು, ಮೂಲವು ಅಳಿಯಿತು. ಇತಿಹಾಸವನ್ನು ತಿಳಿಯದೆ ಮಾಡಿದ ಚಿಕಿತ್ಸೆಗೆ ಇದಕ್ಕಿಂತ ಬೇರೆ ನಿದರ್ಶನ ಬೇಕಾಗಿಲ್ಲ.

೨

ಗಣಕದ ಅಂಗೋಪಾಂಗಗಳಾದ ಮುದ್ರಣಯಂತ್ರ, ಸ್ಕ್ಯಾನರ್ ಮೊದಲಾದವುಗಳ ಭಾಷೆಯನ್ನು ಬಲ್ಲ ಚಿಕ್ಕ ತಂತ್ರಾಂಶಕ್ಕೆ ಡ್ರೈವರ್ ಎಂದು ಹೆಸರು. ಈ ಡ್ರೈವರಿಗೂ ಬರೆಹದ ತಂತ್ರಾಂಶಕ್ಕೂ ಇರುವ ಸಂಬಂಧವು ಎಲ್ಲ ಕಾಲದಲ್ಲಿಯೂ ಒಂದೇ ತೆರನಾಗಿರಲಿಲ್ಲವೆಂಬುದನ್ನು ಮೊದಲು ಗಮನಿಸಬೇಕು. ಡಾಸ್ ಪ್ರಚಾರದಲ್ಲಿದ್ದ ೧೯೮೦ರ ದಶಕದಲ್ಲಿ ಪ್ರತಿಯೊಂದು ಬರೆಹದ ತಂತ್ರಾಂಶವೂ ಮುದ್ರಣಯಂತ್ರಗಳ ಡ್ರೈವರುಗಳನ್ನು ತಾನೇ ಹೊತ್ತು ತರುತ್ತಿದ್ದಿತು. ೧೯೮೯ರಲ್ಲಿ ಬಂದ ವರ್ಡ್‌ಪರ್ಫೆಕ್ಟ್ ೫.೧ ಇದಕ್ಕೆ ಪ್ರಸಿದ್ಧ ಉದಾಹರಣೆ. ಹೊಸ ಮುದ್ರಣಯಂತ್ರವನ್ನು ಕೊಂಡವನು ತನ್ನ ಬರೆಹದ ತಂತ್ರಾಂಶಕ್ಕೆ ಅದು ಪರಿಚಿತವೆ ಎಂಬುದನ್ನು ವಿಚಾರಿಸಬೇಕಾಗಿದ್ದಿತು. ಲೆಕ್ಕಪತ್ರದ ತಂತ್ರಾಂಶಕ್ಕೆ ಮತ್ತೊಮ್ಮೆ ಅದೇ ವಿಚಾರಣೆ.

೧೯೯೦ರ ಮೇ ತಿಂಗಳಲ್ಲಿ ವಿಂಡೋಸ್ ೩.೦ ಹೊರಬಂದು ವ್ಯಾಪಕವಾಗಿ ಬಳಕೆಗೆ ಬಂದ ಮೇಲೆ ಈ ವ್ಯವಸ್ಥೆ ಬದಲಾಯಿತು. ಡ್ರೈವರನ್ನು ವಿಂಡೋಸಿಗೆ ಒಮ್ಮೆ ಪರಿಚಯಿಸಿದರೆ ಸಾಕು, ಅದರ ಮೇಲೆ ನಡೆಯುವ ಎಲ್ಲ ತಂತ್ರಾಂಶಗಳೂ ಆ ಯಂತ್ರವನ್ನು ಬಳಸಬಹುದಾಯಿತು. ಇದರಿಂದ ಒಂದು ಎಲ್ಲೆಯನ್ನು ಗೊತ್ತುಮಾಡಿದಂತಾಯಿತು. ಯಂತ್ರವನ್ನು ತಯಾರಿಸುವವನ ಅಧಿಕಾರ ಎಲ್ಲೆಯ ಒಂದು ಕಡೆ, ಬರೆಹದ ತಂತ್ರಾಂಶದ ಅಧಿಕಾರ ಇನ್ನೊಂದು ಕಡೆ. ನಡುವೆ ಇಬ್ಬರ ಮಾತನ್ನೂ ಕೇಳುವ ಕಾರ್ಯಾಚರಣ ವ್ಯವಸ್ಥೆ. ಪ್ರಕೃತ ನಾವು ವಿಚಾರಿಸುತ್ತಿರುವ ಅನಪೇಕ್ಷಿತ ಆಡ್-ಇನ್‌ಗಳ ಕಥೆಯು ಈ ಎಲ್ಲೆಯ ಉಲ್ಲಂಘನೆಯ ಕಥೆಯೇ ಆಗಿದೆ ಎಂಬುದು ನಮ್ಮ ಅಭಿಪ್ರಾಯ.

೩

ಉಲ್ಲಂಘನೆಗೆ ಬಾಗಿಲೊಂದು ಬೇಕಷ್ಟೆ. ಆ ಬಾಗಿಲನ್ನು ಕಚೇರಿ ತಂತ್ರಾಂಶದವರೇ, ಅದೂ ಸದುದ್ದೇಶದಿಂದಲೇ, ಇಟ್ಟರು. ತಂತ್ರಾಂಶವನ್ನು ಬರೆದವರು ಎಣಿಸದ ಕೆಲಸಗಳನ್ನು ಹೊರಗಿನವರು ಅದಕ್ಕೆ ಕಲಿಸಬೇಕೆಂಬ ಅಪೇಕ್ಷೆ ೧೯೮೦ರ ದಶಕದಲ್ಲಿಯೇ ಲೋಟಸ್ ೧-೨-೩ರ ಬಳಕೆದಾರರಲ್ಲಿ ಕಂಡುಬಂದಿದ್ದು, ಅದಕ್ಕೆ ಆಡ್-ಇನ್‌ಗಳನ್ನು ಒದಗಿಸುವ ಉದ್ಯಮವೂ ಹುಟ್ಟಿಕೊಂಡಿದ್ದಿತು. ೧೯೮೯ರಲ್ಲಿ ಬಂದ ವಿಂಡೋಸಿನ ವರ್ಡ್ ತನ್ನೊಡನೆ ವರ್ಡ್‌ಬೇಸಿಕ್ ಎಂಬ ಭಾಷೆಯನ್ನು ತಂದಿತು. ಆ ಭಾಷೆಯಲ್ಲಿ ಬರೆದ ಮ್ಯಾಕ್ರೋಗಳನ್ನು ನಾರ್ಮಲ್ ಟೆಂಪ್ಲೇಟಿನಲ್ಲಿಟ್ಟರೆ ಎಲ್ಲ ದಸ್ತಾವೇಜುಗಳಿಗೂ ಅವು ದೊರೆಯುತ್ತಿದ್ದುವು. ಇದಲ್ಲದೆ 'ಸ್ಟಾರ್ಟಪ್' ಎಂಬ ಫೋಲ್ಡರಿನಲ್ಲಿಟ್ಟ ಟೆಂಪ್ಲೇಟುಗಳನ್ನು ವರ್ಡ್ ತಾನಾಗಿಯೇ ತೆರೆದುಕೊಳ್ಳುತ್ತದೆ.

ಈ ಬಾಗಿಲಿನಿಂದ ಮೊದಲು ಪ್ರವೇಶಿಸಿ ಪ್ರಸಿದ್ಧಿ ಪಡೆದವರು ಸಜ್ಜನರಲ್ಲ. ೧೯೯೫ರಲ್ಲಿ ಕಾಣಿಸಿಕೊಂಡ 'ಕಾನ್ಸೆಪ್ಟ್' ಎಂಬ ವೈರಸ್ ವರ್ಡ್ ದಸ್ತಾವೇಜುಗಳ ಮೂಲಕ ಹರಡಿ, ನಾರ್ಮಲ್ ಟೆಂಪ್ಲೇಟಿನಲ್ಲಿ ನೆಲೆಯೂರಿತು. ೧೯೯೯ರ ಮಾರ್ಚ್ ೨೬ರಂದು ಹೊರಬಿದ್ದ 'ಮೆಲಿಸ್ಸಾ' ಇದೇ ಮಾರ್ಗವನ್ನು ಅನುಸರಿಸಿ, ಬಳಕೆದಾರನ ವಿಳಾಸಪಟ್ಟಿಯ ಮೊದಲ ೫೦ ವಿಳಾಸಗಳಿಗೆ ತನ್ನನ್ನು ತಾನೇ ಕಳುಹಿಸಿಕೊಂಡಿತು. ನಾರ್ಮಲ್ ಟೆಂಪ್ಲೇಟಿನಲ್ಲಿ ಬದಲಾವಣೆಯಾಗಿದೆಯೆಂದು ವರ್ಡ್ ನೀಡುವ ಎಚ್ಚರಿಕೆಗೆ ಈ ಘಟನೆಗಳಿಂದ ಹೊಸ ಬೆಲೆ ಬಂದಿತೆಂಬುದನ್ನು ಓದುಗರು ನೆನಪಿನಲ್ಲಿಡಬೇಕು; ಮುಂದೆ ಈ ಅಂಶ ಮತ್ತೆ ಬರುತ್ತದೆ.

ಅದೇ ೧೯೯೯ರಲ್ಲಿ ಬಿಡುಗಡೆಯಾದ ಆಫೀಸ್ ೨೦೦೦ದಲ್ಲಿ ಹೊಸ ಬಗೆಯ ಬಾಗಿಲೊಂದು ಏರ್ಪಟ್ಟಿತು. ಇದಕ್ಕೆ 'ಕಾಮ್ ಆಡ್-ಇನ್' ಎಂದು ಹೆಸರು. ವರ್ಡ್, ಎಕ್ಸೆಲ್, ಔಟ್‌ಲುಕ್ ಮುಂತಾದವುಗಳಿಗೆಲ್ಲ ಒಂದೇ ವಿಧದ ಆಡ್-ಇನ್ ಬರೆಯಲು ಇದರಿಂದ ಸಾಧ್ಯವಾಯಿತು. ಆಡ್-ಇನ್ ಸೇರಿಕೊಂಡಾಗ, ಬೇರ್ಪಟ್ಟಾಗ, ಆಡ್-ಇನ್‌ಗಳ ಪಟ್ಟಿ ಬದಲಾದಾಗ, ತಂತ್ರಾಂಶದ ಆರಂಭ ಮುಗಿದಾಗ ಮತ್ತು ಅದು ಮುಚ್ಚತೊಡಗಿದಾಗ, ಹೀಗೆ ಐದು ಸಂದರ್ಭಗಳಲ್ಲಿ ಆತಿಥೇಯ ತಂತ್ರಾಂಶವು ಆಡ್-ಇನ್‌ಗೆ ಕರೆ ಕೊಡುತ್ತದೆ. ಆಡ್-ಇನ್ ನಡೆಯುವುದು ಆತಿಥೇಯನ ಮನೆಯೊಳಗೇ. ಅಂದರೆ ಅದು ತಡಮಾಡಿದರೆ ವರ್ಡ್ ತಡವಾಗುತ್ತದೆ, ಅದು ಕುಸಿದರೆ ವರ್ಡ್ ಕುಸಿಯುತ್ತದೆ. ಬಳಕೆದಾರನಿಗೆ ಕಾಣುವುದು ವರ್ಡಿನ ದೋಷವೇ ಹೊರತು ಅತಿಥಿಯದಲ್ಲ.

೪

ಇನ್ನು ಯಂತ್ರ ತಯಾರಕರ ಕಡೆಯನ್ನು ನೋಡೋಣ. ೧೯೯೫ರ ವಿಂಡೋಸ್ ೯೫ರಿಂದ ಮುಂದಕ್ಕೆ ಡ್ರೈವರ್ ಎಂಬುದು ಒಂಟಿಯಾಗಿ ಬರುವುದು ಕ್ರಮೇಣ ಕಡಮೆಯಾಯಿತು. ಸಿ.ಡಿ.ಯಲ್ಲಿ ಸ್ಥಳಕ್ಕೆ ಕೊರತೆಯಿರಲಿಲ್ಲ. ಸ್ಕ್ಯಾನರಿನೊಡನೆ ಅಕ್ಷರ ಗುರುತಿಸುವ ತಂತ್ರಾಂಶ, ಲೇಬಲ್ ಮುದ್ರಿಸುವ ಯಂತ್ರದೊಡನೆ ವಿಳಾಸಗಳನ್ನು ವರ್ಡಿನಿಂದಲೇ ಎತ್ತಿಕೊಳ್ಳುವ ಗುಂಡಿ, ಹೀಗೆ ಸೇರ್ಪಡೆಗಳು ಬೆಳೆದುವು. ಇವೆಲ್ಲವೂ ನಿರರ್ಥಕವೆಂದು ಹೇಳುವುದು ನ್ಯಾಯವಾಗಲಾರದು. ಗ್ರಂಥಾಲಯದಲ್ಲಿ ದಿನಕ್ಕೆ ನೂರು ಲೇಬಲ್ ಮುದ್ರಿಸುವವರಿಗೆ ಅಂತಹ ಗುಂಡಿಯು ಉಪಕಾರಿಯೇ.

ನಮ್ಮನ್ನು ಪೀಡಿಸಿದ ಬ್ಲೂಟೂತ್ ಸೇರ್ಪಡೆಗೂ ಒಂದು ಹಿನ್ನೆಲೆಯುಂಟು. ಎರಿಕ್ಸನ್, ಐಬಿಎಂ, ಇಂಟೆಲ್, ನೋಕಿಯಾ, ತೋಶಿಬಾ ಎಂಬ ಐದು ಸಂಸ್ಥೆಗಳು ಸೇರಿ ೧೯೯೮ರಲ್ಲಿ ಬ್ಲೂಟೂತ್ ಕೂಟವನ್ನು ಸ್ಥಾಪಿಸಿದುವು. ಹತ್ತನೆಯ ಶತಮಾನದ ಡೆನ್ಮಾರ್ಕಿನ ಅರಸ ಹರಾಲ್ಡನ ಬಿರುದೇ ಈ ತಂತ್ರಕ್ಕೆ ಹೆಸರಾಯಿತು. ಡೆನ್ಮಾರ್ಕನ್ನೆಲ್ಲ ತಾನು ಗೆದ್ದುದಾಗಿ ಯೆಲ್ಲಿಂಗ್ ಎಂಬಲ್ಲಿ ಶಿಲೆಯ ಮೇಲೆ ಕೆತ್ತಿಸಿದ ಅರಸನೀತ. ತಂತಿಯಿಲ್ಲದೆ ಗಣಕದಿಂದ ಕೈಫೋನಿಗೆ ಕಡತ ಕಳುಹಿಸುವುದು ಹೊಸ ಸೌಕರ್ಯವಾಗಿದ್ದ ಕಾಲದಲ್ಲಿ, ವರ್ಡ್ ದಸ್ತಾವೇಜನ್ನು ಒಂದೇ ಒತ್ತಿನಿಂದ ಕಳುಹಿಸಬಹುದಾದ 'ಸೆಂಡ್ ಟು ಬ್ಲೂಟೂತ್' ಎಂಬ ಗುಂಡಿಯನ್ನು ಕೆಲವು ತಯಾರಕರ ಡ್ರೈವರುಗಳು ವರ್ಡಿನಲ್ಲಿ ಸೇರಿಸಿದುವು. ೨೦೦೪ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿಯ ಎರಡನೆಯ ಸರ್ವಿಸ್ ಪ್ಯಾಕ್‌ನೊಡನೆ ವಿಂಡೋಸಿಗೆ ತನ್ನದೇ ಆದ ಬ್ಲೂಟೂತ್ ವ್ಯವಸ್ಥೆ ಒದಗಿದ ಮೇಲೂ ತಯಾರಕರ ಸಿ.ಡಿ.ಗಳು ನಿಲ್ಲಲಿಲ್ಲ, ಗುಂಡಿಯೂ ಹೋಗಲಿಲ್ಲ.

ತೊಂದರೆಯ ಕಾರಣ ಈ ಗುಂಡಿಯನ್ನು ಇಡುವ ವಿಧಾನದಲ್ಲಿದೆ. ಹಳೆಯ ಪದ್ಧತಿಯಂತೆ ಸಲಕರಣೆಪಟ್ಟಿಗೆ ಗುಂಡಿಯೊಂದನ್ನು ಸೇರಿಸಿದರೆ, ಬೇರೆ ಆಜ್ಞೆಯಿಲ್ಲದಿದ್ದಲ್ಲಿ, ಆ ಬದಲಾವಣೆಯು ನಾರ್ಮಲ್ ಟೆಂಪ್ಲೇಟಿನ ಲೆಕ್ಕಕ್ಕೆ ಸೇರುತ್ತದೆ. ಆಡ್-ಇನ್ ಪ್ರತಿಸಾರಿಯೂ ವರ್ಡಿನೊಡನೆ ಎದ್ದು ಗುಂಡಿಯನ್ನು ಇಡುವುದರಿಂದ ಟೆಂಪ್ಲೇಟು ಪ್ರತಿಸಾರಿಯೂ ಬದಲಾದಂತಾಗುತ್ತದೆ. ವರ್ಡ್ ಕೇಳುವ ಪ್ರಶ್ನೆ ಸತ್ಯವಾದುದೇ. ಉತ್ತರಿಸಬೇಕಾದವರು ಮಾತ್ರ ಬೇರೆ. ಟೆಂಪ್ಲೇಟನ್ನು ಅಳಿಸಿದರೆ ವರ್ಡ್ ಹೊಸದೊಂದನ್ನು ಸೃಷ್ಟಿಸುತ್ತದೆ, ಆಡ್-ಇನ್ ಅದನ್ನೂ ಮುಟ್ಟುತ್ತದೆ. ನಮ್ಮ ವಿದ್ಯಾರ್ಥಿಯ ಶ್ರಮ ಹೀಗೆ ವ್ಯರ್ಥವಾಗಿ ಹೋಯಿತು.

೫

ಒಳಗೆ ಬಂದವರ ದಾಖಲೆ ಎಲ್ಲಿರುತ್ತದೆ? ವಿಂಡೋಸಿನ 'ರಿಜಿಸ್ಟ್ರಿ' ಎಂಬ ದಫ್ತರದಲ್ಲಿ. ಅದರಲ್ಲಿ ನಮಗೆ ಪ್ರಸ್ತುತವಾದ ವಿಭಾಗಗಳು ಎರಡು. ಒಂದು 'ಎಚ್‌ಕೀ ಕರೆಂಟ್ ಯೂಸರ್', ಎಂದರೆ ಆಯಾ ಬಳಕೆದಾರನಿಗೆ ಸೇರಿದುದು. ಇನ್ನೊಂದು 'ಎಚ್‌ಕೀ ಲೋಕಲ್ ಮೆಷಿನ್', ಎಂದರೆ ಇಡೀ ಯಂತ್ರಕ್ಕೆ ಸೇರಿದುದು. ಎರಡರಲ್ಲಿಯೂ ಸಾಫ್ಟ್‌ವೇರ್, ಮೈಕ್ರೋಸಾಫ್ಟ್, ಆಫೀಸ್, ವರ್ಡ್, ಆಡ್-ಇನ್ಸ್ ಎಂಬ ಅನುಕ್ರಮದಲ್ಲಿ ಇಳಿದರೆ ಒಂದೊಂದು ಆಡ್-ಇನ್‌ಗೂ ಒಂದೊಂದು ನಮೂದು ಕಾಣುತ್ತದೆ. ೬೪ ಬಿಟ್ಟಿನ ವಿಂಡೋಸಿನಲ್ಲಿ ೩೨ ಬಿಟ್ಟಿನ ಆಫೀಸ್ ಇದ್ದರೆ, ಯಂತ್ರದ ವಿಭಾಗದಲ್ಲಿ ಸಾಫ್ಟ್‌ವೇರ್ ಎಂಬುದರ ಕೆಳಗೆ ವೌ೬೪೩೨ನೋಡ್ ಎಂಬ ಪ್ರತ್ಯೇಕ ಶಾಖೆಯನ್ನು ನೋಡಬೇಕು. ನಮೂದಿನಲ್ಲಿರುವ 'ಲೋಡ್ ಬಿಹೇವಿಯರ್' ಎಂಬ ಅಂಕಿಯೇ ಮುಖ್ಯವಾದುದು. ಅದು ೩ ಆಗಿದ್ದರೆ ಆಡ್-ಇನ್ ಪ್ರತಿ ಆರಂಭದಲ್ಲಿಯೂ ಏಳುತ್ತದೆ. ೨ ಅಥವಾ ೦ ಆಗಿದ್ದರೆ ತಾನಾಗಿ ಏಳುವುದಿಲ್ಲ.

ಈ ಎರಡು ವಿಭಾಗಗಳ ಭೇದವು ಕೇವಲ ತಾಂತ್ರಿಕವಲ್ಲ, ಅಧಿಕಾರದ ಭೇದವೂ ಹೌದು. ಡ್ರೈವರನ್ನು ಸ್ಥಾಪಿಸಲು ಆಡಳಿತಾಧಿಕಾರ ಬೇಕಾದುದರಿಂದ, ಅದರ ಸ್ಥಾಪಕ ತಂತ್ರಾಂಶವು ಆ ಅಧಿಕಾರವನ್ನು ಕೈಯಲ್ಲಿ ಹಿಡಿದೇ ಬರುತ್ತದೆ. ಯಂತ್ರವನ್ನು ನಡೆಸುವುದಕ್ಕಾಗಿ ಕೊಟ್ಟ ಅಧಿಕಾರದಿಂದಲೇ ಆಡ್-ಇನ್‌ನ ನಮೂದನ್ನೂ ಇಡೀ ಯಂತ್ರದ ದಫ್ತರದಲ್ಲಿ ಬರೆಯಲು ಸಾಧ್ಯವಾಗುತ್ತದೆ. ಆಫೀಸ್ ೨೦೦೦ದಿಂದ ಆಫೀಸ್ ೨೦೦೩ರ ವರೆಗೆ ಹೀಗೆ ಯಂತ್ರದ ವಿಭಾಗದಲ್ಲಿ ದಾಖಲಾದ ಆಡ್-ಇನ್‌ಗಳು ಬಳಕೆದಾರನಿಗೆ ತೋರಿಸುವ ಪಟ್ಟಿಯಲ್ಲಿ ಕಾಣಿಸುತ್ತಲೇ ಇರಲಿಲ್ಲ. ಆ ಪಟ್ಟಿಯನ್ನು ತೆರೆಯುವ ಆಜ್ಞೆಯೂ ವರ್ಡಿನ ಸಾಮಾನ್ಯ ಮೆನುವಿನಲ್ಲಿ ಇರಲಿಲ್ಲ. ಬಳಕೆದಾರನೇ ಅದನ್ನು ಹುಡುಕಿ ಮೆನುವಿಗೆ ಸೇರಿಸಿಕೊಳ್ಳಬೇಕಾಗಿದ್ದಿತು. ೨೦೦೭ರ ಆವೃತ್ತಿಯಿಂದ ಇವು ಕಾಣತೊಡಗಿದುವು. ಆದರೆ ಗುರುತನ್ನು ತೆಗೆಯಹೋದ ಸಾಮಾನ್ಯ ಬಳಕೆದಾರನಿಗೆ, ಯಂತ್ರದ ವಿಭಾಗದಲ್ಲಿ ದಾಖಲಾದ ಆಡ್-ಇನ್‌ನ ಸ್ಥಿತಿಯನ್ನು ಬದಲಿಸಲಾಗದೆಂಬ ಉತ್ತರ ದೊರೆಯುತ್ತದೆ. ತನ್ನ ಹೊಲದಲ್ಲಿ ಯಾರೋ ನೆಟ್ಟ ಕಲ್ಲನ್ನು ಕೀಳಲು ಒಕ್ಕಲಿಗನು ಅರಮನೆಗೆ ಅರ್ಜಿ ಹಾಕಿದಂತೆ ಇದು.

೬

ಇಷ್ಟು ಹಿನ್ನೆಲೆಯನ್ನು ತಿಳಿದ ಮೇಲೆ ನಿವಾರಣೆಯ ಕ್ರಮವು ಸುಲಭವಾಗಿ ಹೊಳೆಯುತ್ತದೆ. ಕಾಲೇಜುಗಳ ಉಪಾಧ್ಯಾಯರಿಗೆ ಉಪಯೋಗವಾಗಬಹುದೆಂದು ನಾವು ಅನುಸರಿಸಿದ ಕ್ರಮವನ್ನು ಇಲ್ಲಿ ಕೊಡುತ್ತೇವೆ.

ಮೊದಲನೆಯದು, ಆಧಾರದ ಪರೀಕ್ಷೆ. ಕಂಟ್ರೋಲ್ ಕೀಲಿಯನ್ನು ಒತ್ತಿಹಿಡಿದು ವರ್ಡನ್ನು ತೆರೆದರೆ ಅದು 'ಸೇಫ್ ಮೋಡ್'ನಲ್ಲಿ ಆರಂಭವಾಗುತ್ತದೆ. ಆಗ ಆಡ್-ಇನ್‌ಗಳು ಏಳುವುದಿಲ್ಲ. ಈ ಸ್ಥಿತಿಯಲ್ಲಿ ತೊಂದರೆ ಕಾಣದಿದ್ದರೆ ಕಾರಣವು ಸೇರ್ಪಡೆಯಲ್ಲಿರುವುದೆಂದು ಊಹಿಸಲು ಬಲವಾದ ಆಧಾರ ದೊರೆತಂತಾಯಿತು. ಎರಡನೆಯದು, ಕರ್ತೃವಿನ ನಿರ್ಣಯ. ಫೈಲ್, ಆಪ್ಷನ್ಸ್, ಆಡ್-ಇನ್ಸ್ ಎಂಬಲ್ಲಿಗೆ ಹೋದರೆ ಪ್ರತಿಯೊಂದು ಸೇರ್ಪಡೆಯ ಹೆಸರು, ಅದರ ಕಡತವಿರುವ ಸ್ಥಳ ಮತ್ತು ಪ್ರಕಾಶಕರ ವಿವರ ಕಾಣುತ್ತದೆ. ಹೆಸರಿಗಿಂತ ಸ್ಥಳವೇ ಹೆಚ್ಚು ನಂಬತಕ್ಕ ಸಾಕ್ಷಿ. ಕಡತವು ಯಂತ್ರ ತಯಾರಕರ ಫೋಲ್ಡರಿನಲ್ಲಿದ್ದರೆ ಅದು ಡ್ರೈವರಿನೊಡನೆ ಬಂದುದೆಂದು ಬಹುಮಟ್ಟಿಗೆ ನಿರ್ಧರಿಸಬಹುದು. ಈ ವಿವರಗಳನ್ನು ಒಂದು ಕಾಗದದ ಮೇಲೆ ಬರೆದಿಟ್ಟುಕೊಳ್ಳತಕ್ಕದ್ದು.

ಮೂರನೆಯದು, ಹೊರಗಿಡುವುದು. ಅದೇ ಪುಟದ ಕೆಳಗೆ 'ಮ್ಯಾನೇಜ್' ಎಂಬಲ್ಲಿ 'ಕಾಮ್ ಆಡ್-ಇನ್ಸ್' ಆರಿಸಿ 'ಗೋ' ಒತ್ತಿದರೆ ಪಟ್ಟಿ ತೆರೆಯುತ್ತದೆ. ಸಂದೇಹಾಸ್ಪದವಾದುದರ ಮುಂದಿನ ಗುರುತನ್ನು ಮಾತ್ರ ತೆಗೆದು, ವರ್ಡನ್ನು ಮುಚ್ಚಿ ಮತ್ತೆ ತೆರೆದು ನೋಡಬೇಕು. ಒಂದು ಸಾರಿಗೆ ಒಂದನ್ನೇ ತೆಗೆಯಬೇಕು. ಎಲ್ಲವನ್ನೂ ಒಟ್ಟಿಗೆ ತೆಗೆದರೆ ದೋಷಿ ಯಾರೆಂಬುದು ತಿಳಿಯುವುದಿಲ್ಲ. 'ರಿಮೂವ್' ಎಂಬ ಗುಂಡಿಯನ್ನು ಆರಂಭದಲ್ಲಿಯೇ ಒತ್ತಬಾರದು. ಗುರುತು ತೆಗೆದುದನ್ನು ಮತ್ತೆ ಹಾಕಬಹುದು, ಕಿತ್ತುದನ್ನು ನೆಡುವುದು ಕಷ್ಟ. ಬದಲಿಸಲಾಗದೆಂಬ ಉತ್ತರ ಬಂದರೆ, ಯಂತ್ರದ ಆಡಳಿತಾಧಿಕಾರ ಉಳ್ಳವರು 'ರನ್ ಆ್ಯಸ್ ಅಡ್ಮಿನಿಸ್ಟ್ರೇಟರ್' ಎಂಬ ಕ್ರಮದಿಂದ ವರ್ಡನ್ನು ತೆರೆದು ಇದೇ ಕೆಲಸವನ್ನು ಮಾಡಬೇಕು. ಆಗ ದಫ್ತರದಲ್ಲಿದ್ದ ೩ ಎಂಬ ಅಂಕಿಯು ೨ ಆಗುತ್ತದೆ. ಪಟ್ಟಿಯಲ್ಲಿ ಏನೂ ಕಾಣದಿದ್ದರೆ ಸ್ಟಾರ್ಟಪ್ ಫೋಲ್ಡರನ್ನು ಪರೀಕ್ಷಿಸಿ, ಅಲ್ಲಿನ ಅಪರಿಚಿತ ಟೆಂಪ್ಲೇಟನ್ನು ಬೇರೆಡೆಗೆ ಸರಿಸಿ ನೋಡಬೇಕು. ದಫ್ತರವನ್ನೇ ಕೈಯಾರೆ ತಿದ್ದುವ ಪ್ರಸಂಗ ಬಂದಲ್ಲಿ, ಮುಟ್ಟುವ ನಮೂದಿನ ಪ್ರತಿಯೊಂದನ್ನು ಮೊದಲು ತೆಗೆದಿರಿಸದೆ ಮುಂದುವರಿಯಬಾರದು.

ನಾಲ್ಕನೆಯದು, ಶಾಶ್ವತವಾದ ಏರ್ಪಾಡು. ಡ್ರೈವರಿನ ಇಡೀ ಕಟ್ಟನ್ನು ತೆಗೆದುಹಾಕಿದರೆ ಯಂತ್ರವೇ ನಿಷ್ಪ್ರಯೋಜಕವಾಗಬಹುದು. ಆದುದರಿಂದ ಕಂಟ್ರೋಲ್ ಪ್ಯಾನೆಲ್‌ನಲ್ಲಿ ಆ ಕಟ್ಟಿಗೆ 'ಚೇಂಜ್' ಎಂಬ ಅವಕಾಶವಿದ್ದಲ್ಲಿ ಬೇಡವಾದ ಭಾಗವನ್ನು ಮಾತ್ರ ಬಿಡುವುದು ಮೇಲು. ಡ್ರೈವರಿನ ಹೊಸ ಆವೃತ್ತಿಯನ್ನು ಸ್ಥಾಪಿಸಿದಾಗ ೨ ಎಂಬುದು ಮತ್ತೆ ೩ ಆಗುವ ಸಂಭವವಿರುವುದರಿಂದ ಪಟ್ಟಿಯನ್ನು ಮರಳಿ ನೋಡುವ ಅಭ್ಯಾಸವಿರಬೇಕು. ಎಲ್ಲಕ್ಕಿಂತ ಮೊದಲು ನಾರ್ಮಲ್ ಟೆಂಪ್ಲೇಟಿನ ಒಂದು ಪ್ರತಿಯನ್ನು ಬೇರೆಡೆಯಲ್ಲಿ ಇಟ್ಟುಕೊಳ್ಳುವುದನ್ನು ಮರೆಯಬಾರದು. ನಮಗೆ ಇದು ತಡವಾಗಿ ಬಂದ ಬುದ್ಧಿ.

೭

ಇಷ್ಟೆಲ್ಲ ಶ್ರಮವೇಕೆ, ನಾರ್ಮಲ್ ಟೆಂಪ್ಲೇಟನ್ನು ಉಳಿಸುವ ಮೊದಲು ಕೇಳಬೇಕೆಂಬ ಆಯ್ಕೆಯೊಂದು ವರ್ಡಿನಲ್ಲಿದೆಯಲ್ಲ, ಅದನ್ನೇ ರದ್ದುಮಾಡಿದರೆ ಪ್ರಶ್ನೆ ನಿಲ್ಲುವುದಲ್ಲವೆ ಎಂದು ಕೇಳುವವರುಂಟು. ನಿಲ್ಲುವುದು ನಿಜ. ಆದರೆ ಮುಂದೆ ಯಾವ ಬದಲಾವಣೆಯಾದರೂ ಮಾತಿಲ್ಲದೆ ಉಳಿಯುತ್ತದೆ. ಕಾನ್ಸೆಪ್ಟ್, ಮೆಲಿಸ್ಸಾ ಮೊದಲಾದವು ನೆಲೆಯೂರಿದ್ದು ಇದೇ ಕಡತದಲ್ಲಿ ಎಂಬುದನ್ನು ಮೇಲೆ ನೋಡಿದೆವು. ತೋಳ ಬಂತೆಂದು ದಿನವೂ ಸುಳ್ಳಾಗಿ ಕೂಗಿದ ಹುಡುಗನ ಕಥೆಯನ್ನು ನಾವೆಲ್ಲ ಬಲ್ಲೆವು. ಇಲ್ಲಿ ಕಾವಲುಗಾರನು ಸುಳ್ಳಾಡಿಲ್ಲ. ಅವನನ್ನು ದಿನವೂ ಕೂಗಿಸಿದವರು ಬೇರೆ. ಅನಪೇಕ್ಷಿತ ಆಡ್-ಇನ್‌ನಿಂದಾಗುವ ನಿಜವಾದ ಕೇಡು ಒಂದು ನಿಮಿಷದ ಕಾಲಹರಣವಲ್ಲ. ಎಚ್ಚರಿಕೆಯನ್ನು ಓದದೆಯೇ ಉತ್ತರಿಸುವ ಅಭ್ಯಾಸವನ್ನು ಅದು ಬಳಕೆದಾರನಲ್ಲಿ ಬೆಳೆಸುತ್ತದೆ, ಇದೇ ದೊಡ್ಡ ಕೇಡು.

ಆತಿಥೇಯ ತಂತ್ರಾಂಶದವರೂ ಈ ವಿಷಯದಲ್ಲಿ ಕಣ್ಣುಮುಚ್ಚಿ ಕುಳಿತಿಲ್ಲವೆಂಬುದನ್ನು ಹೇಳಬೇಕು. ೨೦೧೩ರ ಔಟ್‌ಲುಕ್, ಐದು ಆರಂಭಗಳ ಲೆಕ್ಕದಲ್ಲಿ ಮಧ್ಯಮ ಕಾಲವು ೧,೦೦೦ ಮಿಲಿಸೆಕೆಂಡುಗಳನ್ನು ಮೀರುವ ಆಡ್-ಇನ್‌ಗಳನ್ನು ತಾನಾಗಿಯೇ ನಿಲ್ಲಿಸತೊಡಗಿತು. ೨೦೨೨ರಲ್ಲಿ ಅಂತರಜಾಲದಿಂದ ಬಂದ ದಸ್ತಾವೇಜುಗಳ ಮ್ಯಾಕ್ರೋಗಳಿಗೆ ತಡೆಯುಂಟಾಯಿತು. ಆದರೆ ಈ ಎರಡನೆಯ ತಡೆ, ಸ್ಥಾಪಕನ ಅಧಿಕಾರದಿಂದ ಒಳಹೊಕ್ಕ ಕಾಮ್ ಆಡ್-ಇನ್‌ಗಳನ್ನು ಮುಟ್ಟುವುದಿಲ್ಲ. ಹೆಚ್ಚು ಗಮನಾರ್ಹವಾದುದು ವಿಂಡೋಸ್ ೧೦ರ ಕಾಲದಲ್ಲಿ ಡ್ರೈವರುಗಳಿಗಾಗಿ ರೂಪಿಸಿದ ಹೊಸ ನಿಯಮಾವಳಿ. ಅದರಂತೆ ಡ್ರೈವರ್ ಕಟ್ಟು ಡ್ರೈವರನ್ನಷ್ಟೇ ಒಳಗೊಂಡಿದ್ದು, ಯಂತ್ರಕ್ಕೆ ಸಂಬಂಧಿಸಿದ ಇತರ ತಂತ್ರಾಂಶವು ಮೈಕ್ರೋಸಾಫ್ಟಿನ ಮಳಿಗೆಯ ಮೂಲಕ ಬೇರೆಯಾಗಿಯೇ ಬರತಕ್ಕದ್ದು. ೧೯೯೦ರಲ್ಲಿ ಗೊತ್ತಾದ ಎಲ್ಲೆಯನ್ನು ಎರಡು ದಶಕಗಳ ಗೊಂದಲದ ಅನಂತರ ಮತ್ತೆ ಎಳೆಯುವ ಪ್ರಯತ್ನವೆಂದು ಇದನ್ನು ನಾವು ಭಾವಿಸುತ್ತೇವೆ.

ಹಳೆಯ ಯಂತ್ರಗಳೂ ಹಳೆಯ ಸಿ.ಡಿ.ಗಳೂ ನಮ್ಮ ಕಾಲೇಜುಗಳಲ್ಲಿ ಇನ್ನೂ ಬಳಕೆಯಲ್ಲಿರುವಷ್ಟು ಕಾಲ ಈ ವಿಚಾರವು ಅಪ್ರಸ್ತುತವಾಗಲಾರದು. ನಮ್ಮ ವಿಭಾಗದ ಗಣಕದಲ್ಲಿ ಆ ಪ್ರಶ್ನೆ ಈಗ ಮೂಡುವುದಿಲ್ಲ. ಬ್ಲೂಟೂತ್ ಮೊದಲಿನಂತೆಯೇ ಕೆಲಸ ಮಾಡುತ್ತಿದೆ. ಬೆರಳಚ್ಚುಗಾರರಿಗೆ ತಪ್ಪು ತಮ್ಮದಲ್ಲವೆಂಬುದನ್ನು ಪಟ್ಟಿಯನ್ನು ತೋರಿಸಿಯೇ ಮನಗಾಣಿಸಿದೆವು. ವಿದ್ಯಾರ್ಥಿಯು ಕೀಲಿಗಳ ಏರ್ಪಾಡನ್ನು ಮೊದಲಿನಿಂದ ಮತ್ತೆ ಮಾಡಿಕೊಳ್ಳಬೇಕಾಯಿತು. ಪಾಠವನ್ನು ತಿದ್ದುವ ಮೊದಲು ಪ್ರತಿಯ ಇತಿಹಾಸವನ್ನು ವಿಚಾರಿಸಬೇಕೆಂದು ನಾವು ತರಗತಿಯಲ್ಲಿ ಬೋಧಿಸುವ ಮಾತು ನಮ್ಮ ಮೇಜಿನ ಮೇಲಿನ ಯಂತ್ರಕ್ಕೂ ಅನ್ವಯಿಸುತ್ತದೆಂಬುದನ್ನು ಆ ನಷ್ಟವು ನಮಗೆ ಕಲಿಸಿತು.